ಹದಿನೆಂಟು ಪೈಸೆಯ ಮೀಮಾಂಸೆ

ವಿಷಯ

ಕಾರವಾರದಿಂದ ಕಾಳಿ ನದಿ ದಾಟಿ, ಸದಾಶಿವಗಡ ಹಿಂದೆ ಬಿಟ್ಟು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಗೋವಾ ಗಡಿಗೆ ತಾಗಿಕೊಂಡಿರುವ ಊರು ಮಾಜಾಳಿ. ಈ ಕರಾವಳಿಯ ಹಳೆಯ ಮೀನುಗಾರಿಕೆ ಎಂದರೆ ರಂಪಣಿ. ದೋಣಿ ದಡದಿಂದ ಹೊರಟು ಅರ್ಧಚಂದ್ರದ ಹಾಗೆ ಬಲೆ ಬಿಡುತ್ತಾ ಹೋಗಿ ಮತ್ತೆ ದಡ ಸೇರುತ್ತದೆ. ಎರಡು ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ಎಳೆಯುತ್ತಾರೆ. ಹಲವು ಮನೆಗಳ ಬಲೆಯ ತುಂಡುಗಳು ಸೇರಿ ಒಂದು ರಂಪಣಿ ಆಗುತ್ತದೆ. ಹಾಗಾಗಿ ಮೀನು ಮಾರಿದ ಮೇಲೆ ಪಾಲು ಹಾಕಲೇಬೇಕು. 1970ರ ದಶಕದಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು. ಪಾಲು ಹಾಕುವ ಪದ್ಧತಿ ಸೊರಗಲಿಲ್ಲ.

ಆ ಪಾಲಿನ ಲೆಕ್ಕವನ್ನೇ ಈ ಬರಹಕ್ಕೆ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅಂಕಿಗಳು ನಾನು ಕಟ್ಟಿಕೊಂಡವು. ಮೀನು 50,000 ರೂಪಾಯಿಗೆ ಹರಾಜಾಯಿತು ಎನ್ನಿ. ಐದರಲ್ಲಿ ಎರಡು ಪಾಲು ಬಲೆಗೆ, ಮೂರು ಪಾಲು ಎಳೆದವರಿಗೆ. ಎಳೆದವರ ಪಾಲು 30,000 ರೂಪಾಯಿ, ಎಂದರೆ 30,00,000 ಪೈಸೆ. ಎಳೆದವರು 23 ಮಂದಿ. ತಲಾ 1,30,434 ಪೈಸೆ, ಅಂದರೆ 1,304 ರೂಪಾಯಿ 34 ಪೈಸೆ. ಎಲ್ಲರಿಗೂ ಕೊಟ್ಟ ಮೇಲೆ 18 ಪೈಸೆ ಉಳಿಯುತ್ತದೆ. ಈ ಹದಿನೆಂಟು ಪೈಸೆಯನ್ನು ಓದುಗರು ಕೊನೆಯ ತನಕ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈ ಪಾಲಿನ ನಿಯಮವನ್ನು ಯಾರೋ ಒಬ್ಬರ ಖಾತೆ ಪುಸ್ತಕದಲ್ಲಿ ಬರೆಯುವ ಬದಲು ಒಂದು ಚಿಕ್ಕ ಪ್ರೋಗ್ರಾಂ ಆಗಿ ಬರೆದು, ಹಣ ಬಂದ ಕೂಡಲೇ ಅದು ತಾನಾಗಿ ಹಂಚುವಂತೆ ಮಾಡಿದರೆ ಅದು ಸ್ಮಾರ್ಟ್ ಕಾಂಟ್ರ್ಯಾಕ್ಟ್. ಈ ಹೆಸರನ್ನು 1990ರ ದಶಕದಲ್ಲಿ ಇಟ್ಟವರು ನಿಕ್ ಸಾಬೊ. ನಾಣ್ಯ ಹಾಕಿದರೆ ಸರಕು ಕೊಡುವ ಯಂತ್ರ ಅವರು ಕೊಟ್ಟ ಉದಾಹರಣೆ. ಬ್ಲಾಕ್‌ಚೇನ್ ಎಂದರೆ ಒಂದೇ ಖಾತೆ ಪುಸ್ತಕದ ಪ್ರತಿಯನ್ನು ನೂರಾರು ಕಡೆ ಇಟ್ಟುಕೊಂಡು, ಹೊಸ ಪುಟವನ್ನು ಎಲ್ಲರೂ ತಾಳೆ ನೋಡಿಯೇ ಸೇರಿಸುವ ಏರ್ಪಾಡು. ಪ್ರತಿ ಇಟ್ಟುಕೊಂಡ ಒಂದೊಂದು ಗಣಕಕ್ಕೂ ನೋಡ್ ಎನ್ನುತ್ತಾರೆ. ಕಾಂಟ್ರ್ಯಾಕ್ಟನ್ನು ಪ್ರತಿ ನೋಡ್ ತಾನೇ ಓಡಿಸಿ ನೋಡುತ್ತದೆ. ಓಡಿಸುವ ಆ ಒಳಯಂತ್ರವೇ ಈ ಮೀಮಾಂಸೆಯ ವಿಷಯ. ಅಂಥ ಯಂತ್ರಗಳಲ್ಲಿ ಒಂದು ಮುಖ್ಯ ಬಗೆ ವೆಬ್‌ಅಸೆಂಬ್ಲಿ, ಬಳಕೆಯಲ್ಲಿ ವಾಸ್ಮ್.

ಸಂಶಯ

ಗುರುತಿಲ್ಲದವನು ಬರೆದ ಪ್ರೋಗ್ರಾಂ ಒಂದನ್ನು, ಗುರುತಿಲ್ಲದವರ ನೂರಾರು ಗಣಕಗಳು ಓಡಿಸಬೇಕು. ಒಂದು ಗಣಕ ಇಂಟೆಲ್ ಚಿಪ್ಪಿನದು, ಇನ್ನೊಂದು ಆರ್ಮ್ ಚಿಪ್ಪಿನದು. ಒಂದು ಹೊಸದು, ಇನ್ನೊಂದು ಹಳೆಯದು. ಆದರೂ ಕೊನೆಯ ಪೈಸೆಯ ತನಕ ಎಲ್ಲ ಕಡೆ ಉತ್ತರ ಒಂದೇ ಬರಬೇಕು. ಆ ಪ್ರೋಗ್ರಾಂ ಕೆಟ್ಟದ್ದಾಗಿದ್ದರೆ ಓಡಿಸಿದವನ ಗಣಕಕ್ಕೆ ಕೇಡಾಗಬಾರದು. ಇದು ಸಾಧ್ಯವೇ? ಸಾಧ್ಯವಾದರೆ ಅದನ್ನು ಎಷ್ಟು ನಂಬಬೇಕು?

ಹಿರಿಯರ ಮೀಮಾಂಸಾ ಕ್ರಮದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ತನ್ನ ಮಾತು ಎನ್ನುವುದು ಆ ಕ್ರಮದ ಮರ್ಯಾದೆ. ಹಣ ಮತ್ತು ನಂಬಿಕೆ ಎರಡೂ ಸೇರಿರುವ ಈ ವಿಷಯಕ್ಕೆ ಆ ಕ್ರಮವೇ ಸರಿ ಎಂದು ನನಗೆ ಅನ್ನಿಸಿದೆ. ಪೂರ್ವಪಕ್ಷಕ್ಕೆ ಮೊದಲು ಯಂತ್ರ ನಡೆಯುವ ಬಗೆಯನ್ನು ನೋಡಿಬಿಡೋಣ. ನೋಡದೆ ಆಕ್ಷೇಪಿಸುವುದೂ ನೋಡದೆ ಒಪ್ಪುವುದೂ ಒಂದೇ.

ಯಂತ್ರದ ಹುಟ್ಟು ಮತ್ತು ನಡೆ

ವೆಬ್‌ಅಸೆಂಬ್ಲಿ ಹುಟ್ಟಿದ್ದು ಬ್ಲಾಕ್‌ಚೇನಿಗಾಗಿ ಅಲ್ಲವೇ ಅಲ್ಲ. ಬ್ರೌಸರಿನಲ್ಲಿ ಆಟ, ನಕ್ಷೆ, ಚಿತ್ರ ತಿದ್ದುವ ಸಲಕರಣೆಗಳಂಥ ಭಾರವಾದ ಕೆಲಸ ವೇಗವಾಗಿ ನಡೆಯಲೆಂದು ಮೊಜಿಲ್ಲಾ, ಗೂಗಲ್, ಮೈಕ್ರೋಸಾಫ್ಟ್, ಆ್ಯಪಲ್ ಸೇರಿ 2015ರಲ್ಲಿ ಇದನ್ನು ಪ್ರಕಟಿಸಿದವು. 2017ರಲ್ಲಿ ಮೊದಲ ರೂಪ ಬ್ರೌಸರುಗಳಿಗೆ ಬಂತು. 2019ರ ಡಿಸೆಂಬರಿನಲ್ಲಿ ಅಂತರ್ಜಾಲದ ಮಾನಕಗಳನ್ನು ಗೊತ್ತುಮಾಡುವ ಡಬ್ಲ್ಯು3ಸಿ ಇದನ್ನು ಅಧಿಕೃತ ಮಾನಕವಾಗಿ ಒಪ್ಪಿತು. ಬ್ರೌಸರಿನ ಪಾಡೂ ನೋಡಿನ ಪಾಡೇ: ಯಾವುದೋ ತಾಣದಿಂದ ಬಂದ, ಗುರುತಿಲ್ಲದವನ ಪ್ರೋಗ್ರಾಮನ್ನು ನಮ್ಮ ಗಣಕದಲ್ಲಿ ಓಡಿಸಬೇಕು, ಗಣಕಕ್ಕೆ ಕೇಡಾಗಬಾರದು. ಅದಕ್ಕೇ ಬ್ಲಾಕ್‌ಚೇನಿನವರು ಇದರ ಮೇಲೆ ಕಣ್ಣಿಟ್ಟರು. 2018ರಲ್ಲಿ ಶುರುವಾದ ಇಒಎಸ್, ಆಮೇಲೆ ಕಾಸ್ಮಾಸ್ ಜಾಲಗಳ ಕಾಸ್ಮ್‌ವಾಸ್ಮ್, ನಿಯರ್, ಪೋಲ್ಕಡಾಟ್, ಇಂಟರ್ನೆಟ್ ಕಂಪ್ಯೂಟರ್, 2024ರಲ್ಲಿ ಸ್ಟೆಲ್ಲಾರ್ ಜಾಲದ ಸೊರೊಬಾನ್ — ಇವೆಲ್ಲ ವಾಸ್ಮ್ ಮೇಲೆ ನಿಂತವು.

ಈಗ ಹತ್ತಿರದಿಂದ ನೋಡೋಣ. ಕಾಂಟ್ರ್ಯಾಕ್ಟನ್ನು ಸಾಮಾನ್ಯವಾಗಿ ರಸ್ಟ್ ಭಾಷೆಯಲ್ಲಿ ಬರೆಯುತ್ತಾರೆ. ಕಂಪೈಲರ್ ಅದನ್ನು ಬೈಟುಗಳ ಸಾಲಾಗಿ ಇಳಿಸುತ್ತದೆ. ಒಂದು ಬೈಟ್ ಎಂದರೆ 0ಯಿಂದ 255ರ ಒಳಗಿನ ಒಂದು ಸಂಖ್ಯೆ. ಪ್ರತಿ ವಾಸ್ಮ್ ಕಡತವೂ 0, 97, 115, 109 ಎಂಬ ನಾಲ್ಕು ಬೈಟುಗಳಿಂದ ಶುರುವಾಗುತ್ತದೆ. ಇದು ಅದರ ಮೊಹರು. ಅದರ ಹಿಂದೆಯೇ 1, 0, 0, 0: ಆವೃತ್ತಿಯ ಗುರುತು. ಒಳಗೆ ಎಲ್ಲೋ ನಮ್ಮ ಪಾಲಿನ ಲೆಕ್ಕ ಇರುತ್ತದೆ. ಒಟ್ಟು ಪೈಸೆಯನ್ನು ತಲೆ ಎಣಿಕೆಯಿಂದ ಭಾಗಿಸುವ ಆ ಲೆಕ್ಕಕ್ಕೆ ಬೇಕಾದದ್ದು ಆರೇ ಬೈಟ್:

32, 0, 32, 1, 128, 11.

ಓದುವ ಬಗೆ ಹೀಗೆ. 32 ಎಂದರೆ ಕೈಗೆ ಬಂದ ಮೌಲ್ಯವೊಂದನ್ನು ತೆಗೆದು ಅಟ್ಟಿಯ ಮೇಲೆ ಇಡು. ಅದರ ಪಕ್ಕದ 0 ಎಂದರೆ ಮೊದಲನೆಯದು: 30,00,000. ಮತ್ತೆ 32, ಪಕ್ಕದಲ್ಲಿ 1: ಎರಡನೆಯದು, 23. ಈಗ ಅಟ್ಟಿಯಲ್ಲಿ ಕೆಳಗೆ 30,00,000, ಮೇಲೆ 23. 128 ಎಂದರೆ ಮೇಲಿನ ಎರಡನ್ನೂ ತೆಗೆದು, 64 ಬಿಟ್ಟಿನ ಪೂರ್ಣಾಂಕಗಳೆಂದು ತಿಳಿದು ಭಾಗಿಸಿ, ಭಾಗಲಬ್ಧವನ್ನು ಅಟ್ಟಿಯಲ್ಲಿಡು. ಅಲ್ಲಿಗೆ ಅಟ್ಟಿಯಲ್ಲಿ 1,30,434. 11 ಎಂದರೆ ಮುಗಿಯಿತು. ಅಟ್ಟಿ ಎಂದು ನಾನು ಹೇಳಿದ್ದನ್ನು ಗಣಕದವರು ಸ್ಟ್ಯಾಕ್ ಎನ್ನುತ್ತಾರೆ. ಮೀನಿನ ಬುಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ, ಮೇಲಿನದನ್ನು ತೆಗೆಯದೆ ಕೆಳಗಿನದಕ್ಕೆ ಕೈ ಹಾಕುವಂತಿಲ್ಲ.

ಈ ಆರರಲ್ಲಿ 128ನ್ನು 130 ಮಾಡಿ ನೋಡಿ. 130 ಎಂದರೆ ಭಾಗಿಸಿದ ಮೇಲಿನ ಶೇಷ. ಉತ್ತರ 18. ನಮ್ಮ ಹದಿನೆಂಟು ಪೈಸೆ ಬಂತು. ಒಂದು ಬೈಟ್ ಬದಲಾದರೆ ಒಬ್ಬನ ದಿನದ ದುಡಿಮೆ ಹದಿನೆಂಟು ಪೈಸೆಗೆ ಇಳಿಯಬಹುದು. ಇಲ್ಲಿ ಓದಬಲ್ಲವರ ಕಣ್ಣು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಓಡಿಸುವುದಕ್ಕೆ ಮೊದಲು ನೋಡ್ ಈ ಬೈಟುಗಳನ್ನು ತಪಾಸಣೆ ಮಾಡುತ್ತದೆ. ಯಾರಾದರೂ ನಡುವಿನ 32, 1 ಎರಡನ್ನು ಕಿತ್ತು ಕಳಿಸಿದರೆ, ಭಾಗಿಸುವ ಹೊತ್ತಿಗೆ ಅಟ್ಟಿಯಲ್ಲಿ ಒಂದೇ ಸಂಖ್ಯೆ ಇರುತ್ತದೆ ಎಂದು ಓಡಿಸದೆಯೇ ಗೊತ್ತಾಗುತ್ತದೆ. ಕಡತ ಬಾಗಿಲಲ್ಲೇ ತಿರಸ್ಕೃತ. ಈ ತಪಾಸಣೆ ಮೊದಲಿನಿಂದ ಕೊನೆಯ ತನಕ ಒಂದೇ ಸಲ ಓದಿ ಮುಗಿಯುವಂತೆ ವಾಸ್ಮ್ ಅನ್ನು ಕಟ್ಟಿದ್ದಾರೆ. ಪ್ರೋಗ್ರಾಂ ತನಗೆ ಇಷ್ಟ ಬಂದ ಕಡೆಗೆ ಜಿಗಿಯಲಾರದು. ಗುರುತು ಮಾಡಿದ ಆವರಣಗಳ ತುದಿಗೋ ಮೊದಲಿಗೋ ಮಾತ್ರ ಹೋಗಬಹುದು. ಓಡುತ್ತಿರುವಾಗ ತನ್ನ ಬರಹವನ್ನು ತಾನೇ ತಿದ್ದಿಕೊಳ್ಳಲಾರದು.

ಅದಕ್ಕೆ ಕೊಡುವ ಮೆಮೊರಿಯೂ ಒಂದೇ ಪಟ್ಟಿ: 65,536 ಬೈಟಿನ ಪುಟಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದು. ಪಟ್ಟಿಯ ಆಚೆ ಕೈ ಚಾಚಿದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಎಳೆದವರ ಸಂಖ್ಯೆ ಸೊನ್ನೆ ಎಂದು ಕೊಟ್ಟು ಭಾಗಿಸಲು ಹೇಳಿದರೂ ಟ್ರ್ಯಾಪ್. ನಿಂತ ಕೂಡಲೇ ಅಲ್ಲಿಯ ತನಕ ಮಾಡಿದ ಬದಲಾವಣೆಗಳೆಲ್ಲ ರದ್ದು. ಅರ್ಧ ಹಂಚಿ ಅರ್ಧ ಬಿಟ್ಟ ಸ್ಥಿತಿ ಉಳಿಯುವುದೇ ಇಲ್ಲ.

ಹಾಗಾದರೆ ಕಾಂಟ್ರ್ಯಾಕ್ಟ್ ಹೊರಗಿನ ಖಾತೆಯನ್ನು ಮುಟ್ಟುವುದು ಹೇಗೆ? ಮಾಜಾಳಿಯ ತನಿಖಾ ಠಾಣೆಯನ್ನು ನೆನೆಯಿರಿ. ಗೋವಾದಿಂದ ಬರುವ ಗಾಡಿಗಳನ್ನು ಅಬಕಾರಿಯವರು ಅಲ್ಲಿ ತಡೆದು ನೋಡುತ್ತಾರೆ. ರಸ್ತೆ ಒಂದೇ, ತಪಾಸಣೆಯೂ ಅಲ್ಲೇ. ವಾಸ್ಮ್ ಕಡತದಲ್ಲಿ ಇಂಪೋರ್ಟ್ ಪಟ್ಟಿ ಎಂದು ಒಂದಿದೆ. ಹೊರಗಿನಿಂದ ನನಗೆ ಇಂತಿಂಥ ಸೇವೆ ಬೇಕು ಎಂದು ಕಾಂಟ್ರ್ಯಾಕ್ಟ್ ಮೊದಲೇ ಬರೆದುಕೊಂಡಿರಬೇಕು. ಕಾಸ್ಮ್‌ವಾಸ್ಮ್‌ನಲ್ಲಿ ಖಾತೆ ಓದುವುದು, ಖಾತೆ ಬರೆಯುವುದು, ವಿಳಾಸ ಪರೀಕ್ಷಿಸುವುದು, ಸಹಿ ತಾಳೆ ನೋಡುವುದು — ಇಂಥ ಕೆಲವೇ ಸೇವೆಗಳಿವೆ. ಈ ಸೇವೆಗಳಲ್ಲಿ ಇಲ್ಲದ್ದನ್ನು ಕೇಳಿದರೆ ಕಡತವನ್ನು ಒಳಗೆ ಬಿಡುವುದೇ ಇಲ್ಲ. ಗಡಿಯಾರ ನೋಡುವುದು, ಅಂತರ್ಜಾಲಕ್ಕೆ ಹೋಗುವುದು, ಗಣಕದ ಕಡತ ತೆರೆಯುವುದು ಯಾವುದೂ ಇಲ್ಲ. ಖಾತೆಯ ಹೊಸ ಪುಟ ಯಾವ ಸಮಯಕ್ಕೆ ಸೇರಿತು ಎಂಬುದನ್ನೂ ಜಾಲವೇ ಒಪ್ಪಿಕೊಂಡ ಒಂದು ಸಂಖ್ಯೆಯಾಗಿ ಹೊರಗಿನಿಂದ ಕೊಡುತ್ತಾರೆ.

ಒಂದು ಕರೆಯ ನಡೆ ಹೀಗಿರುತ್ತದೆ. ಪಾಲು ಹಾಕು ಎಂಬ ಸಂದೇಶ ನೋಡಿಗೆ ಬರುತ್ತದೆ. ನೋಡ್ ಕಾಂಟ್ರ್ಯಾಕ್ಟನ್ನು ಹೊಸ ಮೆಮೊರಿಯೊಡನೆ ಎಬ್ಬಿಸಿ, ಇಷ್ಟು ಬೈಟ್ ಜಾಗ ಕೊಡು ಎಂದು ಕೇಳುತ್ತದೆ. ಕೊಟ್ಟ ಜಾಗದಲ್ಲಿ ಸಂದೇಶವನ್ನು ಬರೆದು, ಬರೆದ ಜಾಗದ ಸಂಖ್ಯೆಯನ್ನು ಕಾಂಟ್ರ್ಯಾಕ್ಟಿಗೆ ತಿಳಿಸುತ್ತದೆ. ಕಾಂಟ್ರ್ಯಾಕ್ಟ್ ಓದಿ, ಲೆಕ್ಕ ಹಾಕಿ, ಖಾತೆ ಬರೆಯುವ ಸೇವೆಯನ್ನು ಕರೆದು, ಉತ್ತರ ಇಟ್ಟ ಜಾಗವನ್ನು ಹೇಳಿ ಮುಗಿಸುತ್ತದೆ. ಆಮೇಲೆ ಆ ಮೆಮೊರಿ ಅಳಿದು ಹೋಗುತ್ತದೆ. ಮರಳಿನ ಮೇಲೆ ಬೆರಳಲ್ಲಿ ಮಾಡಿದ ಲೆಕ್ಕವನ್ನು ಮುಂದಿನ ಅಲೆ ಅಳಿಸಿದ ಹಾಗೆ. ಖಾತೆಗೆ ಹೋದದ್ದು ಮಾತ್ರ ಉಳಿಯುತ್ತದೆ. ಇಂಟರ್ನೆಟ್ ಕಂಪ್ಯೂಟರಿನಲ್ಲಿ ಮಾತ್ರ ಮೆಮೊರಿಯನ್ನೇ ಉಳಿಸಿಕೊಳ್ಳುವ ಬೇರೆ ದಾರಿ ಇದೆ. ಕೊನೆಗೆ ಪ್ರತಿ ನೋಡ್ ತನ್ನ ಇಡೀ ಖಾತೆಯನ್ನು ಒಂದು ಚಿಕ್ಕ ಬೆರಳಚ್ಚಾಗಿ ಮಡಿಸುತ್ತದೆ. ಕಾಸ್ಮಾಸ್ ಬಗೆಯ ಜಾಲಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮತಬಲದ ಒಪ್ಪಿಗೆ ಸಿಕ್ಕರೆ ಪುಟ ಸೇರುತ್ತದೆ. ಬೆರಳಚ್ಚು ಬೇರೆ ಬಂದ ನೋಡ್ ಹೊರಗುಳಿಯುತ್ತದೆ.

ಪೂರ್ವಪಕ್ಷ ಮತ್ತು ಸಮಾಧಾನ

ಒಂದನೆಯ ಆಕ್ಷೇಪ: ಈ ಕೆಲಸಕ್ಕೆಂದೇ ಕಟ್ಟಿದ ಯಂತ್ರ ಎಥೀರಿಯಂನಲ್ಲಿ 2015ರಿಂದ ಇದೆಯಲ್ಲ. ಬ್ರೌಸರಿನ ಯಂತ್ರವನ್ನು ಎತ್ತಿ ತಂದು ಇಲ್ಲಿ ಕೂಡಿಸುವುದೇಕೆ?

ಸಮಾಧಾನ: ಎಥೀರಿಯಂನ ಇವಿಎಂ ಯಂತ್ರ 256 ಬಿಟ್ಟಿನ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತದೆ. ನಮ್ಮ ಗಣಕದ ಚಿಪ್ಪು 64 ಬಿಟ್ಟಿನದು. 23 ಎಂಬ ಸಣ್ಣ ಸಂಖ್ಯೆಗೂ ನಾಲ್ಕು ಪಟ್ಟು ಅಗಲದ ಚೀಲ ಬೇಕು. ವಾಸ್ಮ್‌ನ ಆದೇಶಗಳು ಚಿಪ್ಪಿನ ಆದೇಶಗಳಿಗೆ ಹತ್ತಿರ ಇರುವುದರಿಂದ ಭಾರವಾದ ಲೆಕ್ಕ ಹಗುರಾಗಿ ನಡೆಯುತ್ತದೆ. ರಸ್ಟ್, ಸಿ ಮೊದಲಾದ ಪಳಗಿದ ಭಾಷೆಗಳಲ್ಲಿ ಬರೆಯಬಹುದು. ಆದರೆ ಎದುರಾಳಿಯ ಮಾತಿನಲ್ಲೂ ತೂಕವಿದೆ. ಎಥೀರಿಯಂ ತಾನೇ ವಾಸ್ಮ್‌ಗೆ ಬದಲಾಗುವ ಯೋಜನೆ ಹಾಕಿಕೊಂಡು ಆಮೇಲೆ ಬಿಟ್ಟಿತು. ಇವಿಎಂ ಸುತ್ತ ಬೆಳೆದ ಸಲಕರಣೆ, ಪರಿಶೋಧಕರ ಅನುಭವ ದೊಡ್ಡದು. ಪೋಲ್ಕಡಾಟ್ ತನ್ನ ಕಾಂಟ್ರ್ಯಾಕ್ಟುಗಳಿಗೆ ರಿಸ್ಕ್-ಫೈವ್ ಎಂಬ ಬೇರೆ ಅಡಿಪಾಯದ ಕಡೆ ಹೊರಳಿದೆ. 2024ರ ಸೆಪ್ಟೆಂಬರಿನಿಂದ ಆರ್ಬಿಟ್ರಮ್ ಜಾಲದಲ್ಲಿ ಇವಿಎಂ, ವಾಸ್ಮ್ ಎರಡೂ ಬಗೆಯ ಕಾಂಟ್ರ್ಯಾಕ್ಟುಗಳು ಪಕ್ಕಪಕ್ಕದಲ್ಲಿ ಓಡುತ್ತವೆ. ವಾಸ್ಮ್ ಕೊನೆಯ ಮಾತು ಎಂದು ನಾನು ವಾದಿಸುವುದಿಲ್ಲ. ಇಂಥ ಯಂತ್ರಕ್ಕೆ ಬೇಕಾದ ಗುಣಗಳು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ ಎಂಬಷ್ಟೇ ನನ್ನ ಮಾತು.

ಎರಡನೆಯ ಆಕ್ಷೇಪ: ಮುಗಿಯದೆ ಸುತ್ತುತ್ತಲೇ ಇರುವ ಪ್ರೋಗ್ರಾಮನ್ನು ಯಾರಾದರೂ ಕಳಿಸಿದರೆ ಇಡೀ ಜಾಲ ನಿಂತುಹೋಗುತ್ತದೆ. ಮುಗಿಯುತ್ತದೋ ಇಲ್ಲವೋ ಎಂದು ಯಾವ ಪ್ರೋಗ್ರಾಮಿಗಾದರೂ ಮೊದಲೇ ಹೇಳಬಲ್ಲ ಸಾಮಾನ್ಯ ವಿಧಾನ ಇಲ್ಲ ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾರೆ.

ಸಮಾಧಾನ: ಮೊದಲೇ ಹೇಳುವ ಗೋಜಿಗೇ ಯಂತ್ರ ಹೋಗುವುದಿಲ್ಲ. ದೋಣಿಗೆ ಅಳೆದು ಡೀಸೆಲ್ ಹಾಕಿದ ಹಾಗೆ ಪ್ರತಿ ಕರೆಗೂ ಇಷ್ಟು ಗ್ಯಾಸ್ ಎಂದು ಕರೆದವನು ಮೊದಲೇ ಕಟ್ಟುತ್ತಾನೆ. ಕಡತ ಒಳಗೆ ಬಂದಾಗ ಅಥವಾ ಕಂಪೈಲ್ ಆಗುವಾಗ, ಎಡೆಬಿಡದೆ ಓಡುವ ಆದೇಶಗಳ ಪ್ರತಿ ತುಂಡಿಗೂ ಎಣಿಕೆಯ ಒಂದು ತಡೆಯನ್ನು ನೋಡ್ ಸೇರಿಸುತ್ತದೆ. ನಮ್ಮ ಆರು ಬೈಟಿನಲ್ಲಿ ಆದೇಶಗಳು ನಾಲ್ಕು. ಆದೇಶಕ್ಕೆ ಒಂದರಂತೆ ಎಂದಿಟ್ಟುಕೊಂಡರೆ ಆ ತುಂಡಿಗೆ ನಾಲ್ಕು ಕಳೆಯುತ್ತದೆ. ಸುತ್ತು ಇದ್ದರೆ ಸುತ್ತಿದಷ್ಟು ಸಲವೂ ಕಳೆಯುತ್ತದೆ. ಸೊನ್ನೆಗೆ ಬಂದರೆ ಟ್ರ್ಯಾಪ್. ಬದಲಾವಣೆ ರದ್ದು, ಉರಿದ ಗ್ಯಾಸಿನ ದುಡ್ಡು ವಾಪಸಿಲ್ಲ. ಸೆಕೆಂಡುಗಳನ್ನು ಎಣಿಸುವಂತಿಲ್ಲ ಎಂಬುದನ್ನು ಗಮನಿಸಿ: ಹಳೆಯ ಗಣಕದಲ್ಲಿ ಸೆಕೆಂಡು ಹೆಚ್ಚು, ಹೊಸದರಲ್ಲಿ ಕಡಿಮೆ. ಆದೇಶಗಳ ಎಣಿಕೆ ಎಲ್ಲ ಕಡೆ ಒಂದೇ.

ಇದರ ಬೆನ್ನಿಗೇ ಬರುವ ಉಪಾಕ್ಷೇಪ: ಓಡುವ ಮೊದಲು, ಕಂಪೈಲ್ ಆಗುವಾಗಲೇ ಗಣಕವನ್ನು ಸುಸ್ತು ಮಾಡುವ ಕಡತ ಬಂದರೆ? ವೇಗಕ್ಕಾಗಿ ಹೆಣಗುವ ಕಂಪೈಲರುಗಳಿಗೆ ಈ ಅಪಾಯ ನಿಜ. ಆದ್ದರಿಂದ ಕಾಸ್ಮ್‌ವಾಸ್ಮ್, ವಾಸ್ಮರ್ ಎಂಬ ಸಲಕರಣೆಯ ಸಿಂಗಲ್‌ಪಾಸ್ ಕಂಪೈಲರನ್ನು ಬಳಸುತ್ತದೆ. ಅದು ಒಂದೇ ಸಲ ಓದಿ ಮುಗಿಸುತ್ತದೆ. ಕಡತ ಎರಡು ಪಟ್ಟಾದರೆ ಕೆಲಸವೂ ಸುಮಾರು ಎರಡೇ ಪಟ್ಟು. ಸೊರೊಬಾನ್ ಕಂಪೈಲ್ ಮಾಡುವ ಬದಲು ಆದೇಶಗಳನ್ನು ಒಂದೊಂದಾಗಿ ಓದಿ ನಡೆಸುವ ವಾಸ್ಮಿ ಎಂಬ ಇಂಟರ್‌ಪ್ರಿಟರನ್ನು ಆರಿಸಿಕೊಂಡಿತು. ಎರಡು ಕಡೆಯೂ ಸ್ವಲ್ಪ ವೇಗ ಬಿಟ್ಟುಕೊಟ್ಟು ಭರವಸೆ ಪಡೆದಿದ್ದಾರೆ.

ಮೂರನೆಯ ಆಕ್ಷೇಪ: ಚಿಪ್ಪು ಬೇರೆ ಬೇರೆ ಆದ ಮೇಲೆ ಉತ್ತರ ಒಂದೇ ಬರುತ್ತದೆ ಎಂದು ಹೇಗೆ ನಂಬುವುದು?

ಸಮಾಧಾನ: ಪೂರ್ಣಾಂಕಗಳಲ್ಲಿ ನಂಬಬಹುದು. ದಶಮಾಂಶದ ಲೆಕ್ಕದಲ್ಲಿ ಒಂದು ಬಿರುಕಿದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ, ಇದು ಸಂಖ್ಯೆಯಲ್ಲ ಎಂಬ ಗುರುತಿನ ಒಳಗಿನ ಬಿಟ್ಟುಗಳು ಚಿಪ್ಪಿನಿಂದ ಚಿಪ್ಪಿಗೆ ಬೇರೆಯಾಗಬಹುದು. ವಾಸ್ಮ್ ಮಾನಕವೇ ಅದಕ್ಕೆ ಅವಕಾಶ ಬಿಟ್ಟಿದೆ. ಆಟ ಆಡುವವನಿಗೆ ಅದು ಲೆಕ್ಕಕ್ಕಿಲ್ಲ. ಇಡೀ ಖಾತೆಯನ್ನು ಬೆರಳಚ್ಚಾಗಿ ಮಡಿಸುವವನಿಗೆ ಒಂದು ಬಿಟ್ ಬೇರೆಯಾದರೂ ಜಾಲ ಒಡೆಯುತ್ತದೆ. ಆದ್ದರಿಂದ ಕಾಸ್ಮ್‌ವಾಸ್ಮ್ ದಶಮಾಂಶದ ಆದೇಶವಿರುವ ಕಡತವನ್ನು ಒಳಗೇ ಬಿಡಲಿಲ್ಲ. ಇಒಎಸ್ ದಶಮಾಂಶದ ಲೆಕ್ಕವನ್ನು ಚಿಪ್ಪಿಗೆ ಬಿಡದೆ ಸಾಫ್ಟ್‌ವೇರಿನಲ್ಲೇ ಮಾಡಿತು. ಹಾಗೆಯೇ ಅಟ್ಟಿಯ ಎತ್ತರ ಎಷ್ಟು, ಮೆಮೊರಿ ಎಷ್ಟು ಪುಟದ ತನಕ ಎಂಬುದನ್ನು ಗಣಕದ ಶಕ್ತಿಗೆ ಬಿಡದೆ ಜಾಲದ ನಿಯಮವಾಗಿ ಗೊತ್ತುಮಾಡುತ್ತಾರೆ. ನಮ್ಮ ಪಾಲಿನ ಲೆಕ್ಕವನ್ನು ರೂಪಾಯಿಯಲ್ಲಿ ಮಾಡದೆ ಪೈಸೆಯಲ್ಲಿ ಮಾಡಿದ್ದೂ ಇದೇ ಕಾರಣಕ್ಕೆ. ದಶಮಾಂಶ ಬಿಟ್ಟ ಕೂಡಲೇ ಶೇಷ ಮುಖಾಮುಖಿಯಾಗುತ್ತದೆ. ಹದಿನೆಂಟು ಪೈಸೆಯನ್ನು ಅಡಗಿಸಿಡಲು ಜಾಗವೇ ಇಲ್ಲ.

ನಾಲ್ಕನೆಯ ಆಕ್ಷೇಪ: ಬೇಲಿ ಗಟ್ಟಿ ಎಂದಿರಿ. ಬೇಲಿ ಕಟ್ಟಿದವನೇ ತಪ್ಪಿದರೆ?

ಸಮಾಧಾನ: ತಪ್ಪಿದ್ದಾರೆ. 2018ರ ಮೇ ತಿಂಗಳಲ್ಲಿ, ಇಒಎಸ್ ಶುರುವಾಗುವ ಹೊಸ್ತಿಲಲ್ಲಿ, ಚೀನಾದ ಚಿಹೂ 360 ಸಂಸ್ಥೆಯ ಸಂಶೋಧಕರು ದೋಷವೊಂದನ್ನು ಹೊರಗೆಡವಿದರು. ಕಡತದಲ್ಲಿನ ಫಂಕ್ಷನ್ ಪಟ್ಟಿಯನ್ನು ತುಂಬಿಕೊಳ್ಳುವಾಗ ನೋಡಿನ ಸಾಫ್ಟ್‌ವೇರು ಎಲ್ಲೆಯನ್ನು ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಬೇಕೆಂದೇ ಕಟ್ಟಿದ ಕಾಂಟ್ರ್ಯಾಕ್ಟ್ ಒಂದರಿಂದ ನೋಡನ್ನೇ ವಶಕ್ಕೆ ತೆಗೆದುಕೊಳ್ಳಬಹುದಿತ್ತು. ವಾಸ್ಮ್‌ನ ಬರಹದ ನಿಯಮ ಸರಿಯಿತ್ತು, ನಿಯಮವನ್ನು ಜಾರಿಗೆ ತಂದ ಕೈ ತಪ್ಪಿತ್ತು. ಇದಕ್ಕೆ ನನ್ನ ಬಳಿ ಪೂರ್ತಿ ಪರಿಹಾರವಿಲ್ಲ. ಭಾಗಶಃ ಪರಿಹಾರ ಎರಡು. ಮೊದಲನೆಯದು, ವಾಸ್ಮ್‌ನ ನಿಯಮಗಳನ್ನು ಹುಟ್ಟಿದಾಗಿನಿಂದ ಗಣಿತದ ಭಾಷೆಯಲ್ಲೂ ಬರೆದಿದ್ದಾರೆ. 2018ರಲ್ಲಿ ಕಾನ್ರಾಡ್ ವಾಟ್ ಅವನ್ನು ಗಣಕವೇ ಪರೀಕ್ಷಿಸುವ ಪ್ರಮಾಣವಾಗಿ ಕಟ್ಟಿದರು, ಆ ದಾರಿಯಲ್ಲಿ ಕರಡಿನ ಕೆಲವು ತಪ್ಪುಗಳು ಸಿಕ್ಕಿ ತಿದ್ದುಪಡಿಯಾದವು. ಎರಡನೆಯದು, ಯಂತ್ರ ಚಿಕ್ಕದಾಗಿರಬೇಕು. ಬಾಗಿಲು ಹೆಚ್ಚಿದಷ್ಟೂ ಕಾವಲು ಹೆಚ್ಚು.

ಐದನೆಯ ಆಕ್ಷೇಪ: ಒಳಗೆ ಹೋಗುವ ಮಾಹಿತಿಯೇ ಸುಳ್ಳಾದರೆ? ಹರಾಜು 50,000ಕ್ಕೆ ಆದದ್ದನ್ನು 40,000 ಎಂದು ಬರೆದರೆ ನಿಮ್ಮ ನೂರು ನೋಡುಗಳೂ ಸುಳ್ಳನ್ನೇ ನಿಖರವಾಗಿ ಭಾಗಿಸುತ್ತವೆ.

ಸಮಾಧಾನ: ಒಪ್ಪಿದೆ. ಇದು ಎಲ್ಲ ಆಕ್ಷೇಪಗಳಲ್ಲಿ ಅತಿ ಬಲವಾದದ್ದು, ಇದಕ್ಕೆ ಯಂತ್ರದ ಒಳಗೆ ಉತ್ತರವಿಲ್ಲ. ಗಡಿಯಾರವನ್ನೂ ನೋಡಲಾರದ ಯಂತ್ರ ತಕ್ಕಡಿಯನ್ನು ನೋಡೀತೇ? ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಲ್ಲ. ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳನ್ನು ಗಣಕಕ್ಕೆ ತಂದಿತು. ತಿದ್ದಿ ಬರೆಯುವ ಕೈಚಳಕ ಕಷ್ಟವಾಯಿತು ಎಂಬುದು ದೊಡ್ಡ ಲಾಭ. ಆದರೆ ಹಳೆಯ ಪುಸ್ತಕದಲ್ಲಿ ತಪ್ಪಿದ್ದ ಹೆಸರು ಗಣಕಕ್ಕೆ ಬಂದ ಮಾತ್ರಕ್ಕೆ ಸರಿಹೋಗಲಿಲ್ಲ. ಅದಕ್ಕೆ ತಹಶೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಬರೆದದ್ದು ಆಮೇಲೆ ಬದಲಾಗಿಲ್ಲ ಎಂದು ಬ್ಲಾಕ್‌ಚೇನ್ ಹೇಳಬಲ್ಲದು. ಬರೆದದ್ದು ನಿಜ ಎಂದು ಹೇಳಲಾರದು. ತೂಕ ನೋಡುವವರು ಇಬ್ಬರಿರಲಿ, ಸಹಿ ಮೂವರದ್ದಿರಲಿ ಎಂಬ ಏರ್ಪಾಡು ಮನುಷ್ಯರ ನಡುವೆಯೇ ಆಗಬೇಕು.

ಆರನೆಯ ಆಕ್ಷೇಪ: ನಿಯಮವೇ ಅನ್ಯಾಯವಾಗಿದ್ದರೆ, ಅಥವಾ ಬರೆಯುವಾಗ ತಪ್ಪಿದ್ದರೆ? ತಿದ್ದಲಾಗದ ತಪ್ಪು ಕಲ್ಲಿನ ಶಾಸನವಾಗುತ್ತದೆ.

ಸಮಾಧಾನ: ಬರೆಯುವ ತಪ್ಪಿಗೆ 2016ರ ಜೂನ್ 17 ದೊಡ್ಡ ಉದಾಹರಣೆ. ಎಥೀರಿಯಂನ ಡಾವೋ ಎಂಬ ಕಾಂಟ್ರ್ಯಾಕ್ಟಿನಿಂದ ಸುಮಾರು 36 ಲಕ್ಷ ಈಥರ್ ನಾಣ್ಯ ಹೊರಹೋಯಿತು. ಹಣ ಕೊಟ್ಟ ಮೇಲೆ ಖಾತೆ ಬರೆಯುವ ಕ್ರಮದಲ್ಲಿ ಕಾಂಟ್ರ್ಯಾಕ್ಟ್ ಇತ್ತು. ಹಣ ಪಡೆದ ಕೈ, ಖಾತೆ ಬರೆಯುವ ಮೊದಲೇ ಮತ್ತೆ ಮತ್ತೆ ಕರೆದು ಪಡೆಯಿತು. ಈ ಪಾಠ ಕಲಿತ ಕಾಸ್ಮ್‌ವಾಸ್ಮ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ತನ್ನ ಕೆಲಸದ ನಡುವೆ ಇನ್ನೊಂದನ್ನು ಕರೆದು ಬದಲಾವಣೆ ಮಾಡಿಸಲಾರದು. ಇವರಿಗೆ ಇಷ್ಟು ಕೊಡಿ ಎಂಬ ಚೀಟಿಗಳನ್ನು ಬರೆದಿಟ್ಟು ತಾನು ಮುಗಿಸಬೇಕು. ಖಾತೆ ಬರೆದಾದ ಮೇಲೆ ನೋಡ್ ಆ ಚೀಟಿಗಳನ್ನು ತಲುಪಿಸುತ್ತದೆ. ಒಂದೇ ತರಹದ ತಪ್ಪುಗಳಿಗೆಲ್ಲ ಕಟ್ಟಡದಲ್ಲೇ ಬಾಗಿಲು ಮುಚ್ಚಿದ ಬಗೆ ಇದು.

ಅನ್ಯಾಯದ ನಿಯಮಕ್ಕೆ ಮಾತ್ರ ಅಂಥ ಬಾಗಿಲಿಲ್ಲ. 2022ರ ಮೇ ತಿಂಗಳಲ್ಲಿ ಕುಸಿದ ಟೆರ್ರಾ ಜಾಲದ ಕಾಂಟ್ರ್ಯಾಕ್ಟುಗಳು ಕಾಸ್ಮ್‌ವಾಸ್ಮ್ ಮೇಲೇ ಓಡುತ್ತಿದ್ದವು. ಯಂತ್ರ ಎಡವಲಿಲ್ಲ, ಡಾಲರಿಗೆ ಸಮ ಎಂದು ಹೇಳಿದ ನಾಣ್ಯದ ಹಿಂದಿನ ನಿಯಮವೇ ಟೊಳ್ಳಾಗಿತ್ತು. ಕಾನೂನಿನ ಕಡೆಯಿಂದಲೂ ನೋಡಿ. ಭಾರತೀಯ ಕರಾರು ಕಾಯಿದೆ 1872ರ 10ನೆಯ ಕಲಂ ಕರಾರಿಗೆ ಮುಕ್ತ ಒಪ್ಪಿಗೆ, ಅರ್ಹ ಪಕ್ಷಗಾರರು, ಕಾನೂನುಬದ್ಧ ಪ್ರತಿಫಲ ಮತ್ತು ಉದ್ದೇಶ ಬೇಕು ಎನ್ನುತ್ತದೆ. ಇವುಗಳಲ್ಲಿ ಒಂದನ್ನೂ ಆರು ಬೈಟುಗಳಲ್ಲಿ ನೋಡಲಾಗದು. ಕಾಂಟ್ರ್ಯಾಕ್ಟ್ ಎಂಬ ಹೆಸರು ದೊಡ್ಡದಾಯಿತು. ಅದು ಕರಾರಿನ ಜಾರಿ ಮಾತ್ರ. ತಿದ್ದುಪಡಿಗೆ ಬಾಗಿಲು ಇಡಲು ಕಾಸ್ಮ್‌ವಾಸ್ಮ್‌ನಲ್ಲಿ ಅವಕಾಶವಿದೆ: ನಿರ್ವಾಹಕನೊಬ್ಬ ಹಳೆಯ ಬರಹದ ಜಾಗಕ್ಕೆ ಹೊಸ ಬರಹ ತರಬಹುದು. ಆದರೆ ಆ ಕೀಲಿ ಯಾರ ಕೈಯಲ್ಲಿದೆಯೋ ನಂಬಿಕೆ ಮತ್ತೆ ಅವರ ಮೇಲೇ ಬಂದು ನಿಲ್ಲುತ್ತದೆ. ಆದ್ದರಿಂದ ಕಾಂಟ್ರ್ಯಾಕ್ಟನ್ನು ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ ಕೀಲಿಯದ್ದು.

ಏಳನೆಯ ಆಕ್ಷೇಪ: ಇಷ್ಟೆಲ್ಲ ಯಾಕೆ? ರಂಪಣಿಯ ಪಾಲು ಇಷ್ಟು ವರ್ಷ ಬ್ಲಾಕ್‌ಚೇನ್ ಇಲ್ಲದೆಯೇ ನಡೆಯಲಿಲ್ಲವೇ?

ಸಮಾಧಾನ: ನಡೆಯಿತು, ಮುಂದೆಯೂ ನಡೆಯಬಹುದು. ಬೆಳಗಿನ ಬೆಳಕಿನಲ್ಲಿ, ಎಳೆದವರೆಲ್ಲ ಸುತ್ತ ನಿಂತು ನೋಡುವಾಗ, ಮೀನಿನ ರಾಶಿ ಕಣ್ಣೆದುರಿಗೇ ಇರುವಾಗ ಹಾಕಿದ ಪಾಲಿಗಿಂತ ಹೆಚ್ಚಿನ ಸಾಕ್ಷಿಯನ್ನು ಯಾವ ಜಾಲವೂ ಕೊಡಲಾರದು. ಮುಖ ಗೊತ್ತಿದ್ದ ಕಡೆ ಈ ಯಂತ್ರ ಬೇಕಿಲ್ಲ. ಅದು ಬೇಕಾಗುವುದು ಮುಖ ಗೊತ್ತಿಲ್ಲದ ಕಡೆ. ಅದೇ ಮೀನು ಐಸಿನಲ್ಲಿ ಕೂತು ಗಡಿ ದಾಟಿ, ಕೈಯಿಂದ ಕೈಗೆ ಹೋಗಿ ಬಂದರಿನ ಆಚೆ ಹೊರಟಾಗ, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬಬೇಕಾಗಿಲ್ಲದ ಒಂದು ಖಾತೆಗೆ ಅರ್ಥ ಬರುತ್ತದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ತಲುಪುವ ದಾರಿಯನ್ನು ಬ್ಲಾಕ್‌ಚೇನಿನಲ್ಲಿ ದಾಖಲಿಸುವ ಕೆಲಸ ಆಗಿದೆ. ರಾಷ್ಟ್ರೀಯ ಮಾಹಿತಿ ಕೇಂದ್ರದ ಬ್ಲಾಕ್‌ಚೇನ್ ಉತ್ಕೃಷ್ಟತಾ ಕೇಂದ್ರ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ವಿಶ್ವಸ್ಯ ಎಂಬ ಬ್ಲಾಕ್‌ಚೇನ್ ವೇದಿಕೆಯನ್ನು ಹೊರತಂದಿತು. ಇಂಥ ಸರ್ಕಾರಿ ಜಾಲಗಳಲ್ಲಿ ಅನುಮತಿ ಪಡೆದವರು ಮಾತ್ರ ನೋಡ್ ನಡೆಸುತ್ತಾರೆ. ವಾಸ್ಮ್ ಯಂತ್ರ ಅಲ್ಲಿ ಅನಿವಾರ್ಯವೇನೂ ಆಗಿಲ್ಲ. ಆದರೆ ಯಾರು ಬೇಕಾದರೂ ಕಾಂಟ್ರ್ಯಾಕ್ಟ್ ತಂದು ಹಾಕಬಹುದಾದ ಬಯಲು ಜಾಲದಲ್ಲಿ ಬೇಲಿ, ಎಣಿಕೆ, ತಪಾಸಣೆ ಮೂರೂ ಇಲ್ಲದೆ ಒಂದು ದಿನವೂ ನಡೆಯದು.

ಸಿದ್ಧಾಂತ

ಈ ಏಳನ್ನೂ ಕೂಡಿಸಿ ನೋಡಿದರೆ ಸಿದ್ಧಾಂತ ಇದು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಓಡಿಸುವ ಯಂತ್ರದ ಯೋಗ್ಯತೆ ಅದರ ಸಂಯಮದಲ್ಲಿದೆ. ಜಿಗಿಯಲಾರದು, ಗಡಿಯಾರ ನೋಡಲಾರದು, ಪಟ್ಟಿಯಲ್ಲಿಲ್ಲದ್ದನ್ನು ಕೇಳಲಾರದು, ಕಟ್ಟಿದ್ದಕ್ಕಿಂತ ಹೆಚ್ಚು ಓಡಲಾರದು: ಇಂಥ ಪ್ರತಿ ‘ಆಗದು’ ಒಂದೊಂದು ಭರವಸೆ. ಹಾಗೆ ಅದು ಕೊಡುವ ಭರವಸೆ ಕೊನೆಗೆ ಒಂದೇ: ಬರಹ ಅದೇ, ಮಾಹಿತಿ ಅದೇ ಆದರೆ ಎಲ್ಲಿ ಓಡಿಸಿದರೂ, ಯಾರು ಓಡಿಸಿದರೂ ಫಲವೂ ಅದೇ. ಬರಹ ನ್ಯಾಯವೋ, ಮಾಹಿತಿ ನಿಜವೋ ಎಂಬೆರಡು ಹೊಣೆ ಮನುಷ್ಯರ ಮೇಲೇ ಉಳಿಯಿತು. ಈ ಮಿತಿಯನ್ನು ಮುಚ್ಚಿಟ್ಟು ಮಾರುವವರನ್ನು ನಂಬಬಾರದು. ಮಿತಿಯ ನೆಪದಲ್ಲಿ ಒಳಗಿನ ಕಟ್ಟಡವನ್ನೇ ತಳ್ಳಿಹಾಕುವುದೂ ಸಲ್ಲದು. ಗುರುತಿಲ್ಲದವರು ಪೈಸೆಯ ತನಕ ಒಮ್ಮತಕ್ಕೆ ಬರುವುದು ಸಣ್ಣ ಸಾಧನೆಯಲ್ಲ.

ಸಂಗತಿ

ಇದರಿಂದ ನಮ್ಮೂರಿಗೆ ಏನು? ಮಾಜಾಳಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದುವ ಮಕ್ಕಳಲ್ಲಿ ಮೀನುಗಾರರ ಮನೆಯವರೂ ಇರುತ್ತಾರೆ. ವಾಸ್ಮ್ ಕಡತವನ್ನು ತೆರೆದು ಓದುವ ಸಲಕರಣೆಗಳಿಗೆ ದುಡ್ಡು ಕೊಡಬೇಕಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆರು ಬೈಟುಗಳನ್ನು ಕೈಯಾರೆ ಬರೆದು ಓಡಿಸಿ ನೋಡಿದವನಿಗೆ, ನಾಳೆ ಯಾರಾದರೂ ಬಂದು ನಿಮ್ಮ ಸಹಕಾರ ಸಂಘದ ಲೆಕ್ಕವನ್ನೆಲ್ಲ ಬ್ಲಾಕ್‌ಚೇನಿಗೆ ಹಾಕುತ್ತೇವೆ ಎಂದರೆ ಏನು ಕೇಳಬೇಕು ಎಂಬುದು ಗೊತ್ತಿರುತ್ತದೆ. ತೂಕ ನೋಡುವವರು ಯಾರು? ತಿದ್ದುವ ಕೀಲಿ ಯಾರ ಹತ್ತಿರ? 128 ಇರಬೇಕಾದ ಕಡೆ 130 ಇದೆಯೇ?

ಉಳಿದ ಹದಿನೆಂಟು ಪೈಸೆಗೆ ಬರೋಣ. ದಡದಲ್ಲಿ ಪಾಲು ಹಾಕುವಾಗ ಇಂಥ ಚಿಲ್ಲರೆ ಮಾತಿಲ್ಲದೆ ಎಲ್ಲೋ ಸೇರಿಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾರಿಗೂ ಬೇಸರವಿಲ್ಲ. ಯಂತ್ರಕ್ಕೆ ಆ ಸೌಜನ್ಯ ಬಾರದು. ಬಲೆಯ ರಿಪೇರಿಗೆ ಇಡುವುದೋ, ಮುಂದಿನ ಎಳೆತಕ್ಕೆ ಸೇರಿಸುವುದೋ, ಹಗ್ಗದ ತುದಿಯಲ್ಲಿ ನಿಂತವನಿಗೆ ಕೊಡುವುದೋ, ಬರೆದಿರಲೇಬೇಕು. ಬರೆಯದಿದ್ದರೆ ಕಾಂಟ್ರ್ಯಾಕ್ಟಿನ ಖಾತೆಯಲ್ಲಿ ಅದು ದಿನದಿನವೂ ಬೆಳೆಯುತ್ತಾ ಕೂರುತ್ತದೆ, ಕೊನೆಗೆ ಕೀಲಿ ಇದ್ದವನದಾಗುತ್ತದೆ. ಆದ್ದರಿಂದ ಮೊದಲು ದಡದಲ್ಲಿ ಕೂತು ತೀರ್ಮಾನಿಸಿ. ತೀರ್ಮಾನವನ್ನು ಇಪ್ಪತ್ತಮೂರು ಮಂದಿಗೂ ಅವರ ಮಾತಿನಲ್ಲೇ, ಕನ್ನಡವೋ ಕೊಂಕಣಿಯೋ, ಓದಿ ಹೇಳಿ. ಎಲ್ಲರೂ ಹೌದು ಎಂದ ಮೇಲೆ ಯಂತ್ರಕ್ಕೆ ಕೊಡಿ.